ತೂಕದ ಕಾಟಾ, ಅಂಗೈಯಗಲದ ಲಿನಕ್ಸ್ ಬೋರ್ಡು ಮತ್ತು ಕಾಣಿಸದ ಯುಎಸ್‌ಬಿ ಕನ್ವರ್ಟರ್

ಪ್ರಶ್ನೆ (ಗಂಗಾವತಿ): ಗುಂಪಿನ ಎಲ್ಲರಿಗೂ ನಮಸ್ಕಾರ. ಇಲ್ಲಿಯ ಒಂದು ಅಕ್ಕಿ ಗಿರಣಿಯಲ್ಲಿ ವೇಬ್ರಿಜ್ ಕೋಣೆಯ ಉಸ್ತುವಾರಿ ನನ್ನದು. ಕಾಟಾದ ತೂಕ ತೋರಿಸುವ ಇಂಡಿಕೇಟರ್‌ನಿಂದ ಬರುವ ಆರ್‌ಎಸ್-232 (ಹಳೆಯ ಮಾದರಿಯ ಸೀರಿಯಲ್) ತಂತಿಯನ್ನು ಯುಎಸ್‌ಬಿ ಕನ್ವರ್ಟರ್ ಮೂಲಕ ಕಂಪ್ಯೂಟರಿಗೆ ಜೋಡಿಸಿಕೊಂಡು ಈವರೆಗೆ ಕೆಲಸ ನಡೆದಿತ್ತು. ತೌಡಿನ ದೂಳಿಗೆ ಕಂಪ್ಯೂಟರಿನ ಫ್ಯಾನು ವರ್ಷಕ್ಕೆರಡು ಸಲ ಕೆಡುತ್ತಿದ್ದುದರಿಂದ ಫ್ಯಾನೇ ಇಲ್ಲದ ಒಂದು ಕಿರು ಲಿನಕ್ಸ್ ಬೋರ್ಡನ್ನು ತರಿಸಿದೆವು. ಆದರೆ ಕನ್ವರ್ಟರ್ ಚುಚ್ಚಿದರೆ ತಂತ್ರಾಂಶವು ‘ಪೋರ್ಟ್ ಇಲ್ಲ’ ಎನ್ನುತ್ತದೆ. ಅದೇ ಕನ್ವರ್ಟರ್ ನನ್ನ ಉಬುಂಟು ಲ್ಯಾಪ್‌ಟಾಪಿನಲ್ಲಿ ಸರಾಗವಾಗಿ ನಡೆಯುತ್ತದೆ. ಬೋರ್ಡು ಮಾರಿದವರ ಮಾತು ಕೇಳಿ ಎರಡು ಕನ್ವರ್ಟರ್ ಬದಲಿಸಿದ್ದಾಯಿತು. ಮುಂದೇನು ಮಾಡಬೇಕು, ಸರ್?

ಉತ್ತರ: ಕನ್ವರ್ಟರನ್ನು ಇನ್ನು ಬದಲಿಸಬೇಡಿ. ಲ್ಯಾಪ್‌ಟಾಪಿನಲ್ಲಿ ನಡೆಯುತ್ತಿದೆ ಎಂದ ಮೇಲೆ ದೋಷ ಅದರದ್ದಲ್ಲ. ಯಾರು ಯಾವ ಸಾಧನ ತಂದು ಚುಚ್ಚುತ್ತಾರೋ ಗೊತ್ತಿಲ್ಲದ ಕಾರಣ ಉಬುಂಟುವಿನಂತಹ ಲಿನಕ್ಸ್‌ನಲ್ಲಿ ಸಾಧನಗಳನ್ನು ನಡೆಸುವ ಸಾವಿರಾರು ಡ್ರೈವರ್‌ಗಳನ್ನು ಮಾಡ್ಯೂಲ್ ರೂಪದಲ್ಲಿ, ಅಂದರೆ ಬೇಕಾದಾಗ ಲೋಡ್ ಆಗುವ ಬಿಡಿ ಕಡತಗಳಾಗಿ, ಮೊದಲೇ ತುಂಬಿಟ್ಟಿರುತ್ತಾರೆ. ಕಿರು ಬೋರ್ಡಿನ ಕಥೆ ಬೇರೆ. ಅಲ್ಲಿ ಬುತ್ತಿ ಕಟ್ಟಿದವರು ಏನು ಕಟ್ಟಿದ್ದಾರೋ ಅಷ್ಟೇ ಊಟ.

ಆದ್ದರಿಂದ ಮೂರು ಸಂಗತಿಗಳನ್ನು ಒಂದರೊಡನೊಂದು ಬೆರೆಸದೆ ನೋಡಬೇಕು: ತಂತಿ ಮತ್ತು ವಿದ್ಯುತ್ತಿನ ಮಟ್ಟದಲ್ಲಿ ಬೋರ್ಡು ಸಾಧನವನ್ನು ಗುರುತಿಸಿತೇ, ಗುರುತಿಸಿದ ಸಾಧನಕ್ಕೆ ಡ್ರೈವರ್ ಸಿಕ್ಕಿತೇ, ಡ್ರೈವರ್ ತೆರೆದುಕೊಟ್ಟ ಪೋರ್ಟಿನ ಹೆಸರು ನಿಮ್ಮ ತಂತ್ರಾಂಶ ಹುಡುಕುತ್ತಿರುವ ಹೆಸರೇ ಆಗಿದೆಯೇ. ಕನ್ವರ್ಟರನ್ನು ಕಿತ್ತು ಮತ್ತೆ ಚುಚ್ಚಿ, ಕೂಡಲೇ ಕರ್ನಲ್‌ನ (ಲಿನಕ್ಸ್‌ನ ತಿರುಳಿನ) ಸಂದೇಶಗಳನ್ನು ತೋರಿಸುವ ‘ಡಿಮೆಸೇಜ್’ (dmesg) ಆಜ್ಞೆ ಕೊಟ್ಟು ಕೊನೆಯ ಹತ್ತು ಸಾಲುಗಳನ್ನು ಓದಿ. ಅಲ್ಲಿ ಮೈನಸ್ 71 ಅಥವಾ ಮೈನಸ್ 110 ಎಂಬ ದೋಷಸಂಖ್ಯೆ ಪದೇ ಪದೇ ಬರುತ್ತಿದ್ದರೆ ಕೇಬಲ್, ಹಬ್ (ಒಂದು ಪೋರ್ಟನ್ನು ಹಲವಾಗಿಸುವ ಪೆಟ್ಟಿಗೆ) ಅಥವಾ ವಿದ್ಯುತ್ ಪೂರೈಕೆಯ ಮೇಲೆ ಮೊದಲ ಅನುಮಾನ ಇರಲಿ. ಯುಎಸ್‌ಬಿ 2.0 ಪೋರ್ಟೊಂದು ಹೆಚ್ಚೆಂದರೆ 500 ಮಿಲಿಆಂಪಿಯರ್ ಕೊಡಬೇಕೆಂಬುದು ನಿಯಮ. ಡಾಂಗಲ್, ಪ್ರಿಂಟರ್ ಎಲ್ಲವನ್ನೂ ಸ್ವಂತ ಅಡಾಪ್ಟರಿಲ್ಲದ ಒಂದೇ ಹಬ್‌ಗೆ ಸಿಕ್ಕಿಸಿದ್ದರೆ ಅದು ಸಾಲದೆ ಹೋಗಬಹುದು. ದೋಷವೇನೂ ಇಲ್ಲದಿದ್ದರೆ ಯುಎಸ್‌ಬಿ ಸಾಧನಗಳ ಪಟ್ಟಿ ತೋರಿಸುವ ‘ಎಲ್‌ಎಸ್‌ಯುಎಸ್‌ಬಿ’ ಆಜ್ಞೆ ಕೊಟ್ಟು, ಸಾಧನದ ಮುಂದೆ ಕಾಣುವ ನಾಲ್ಕು ನಾಲ್ಕು ಅಂಕಿಗಳ ಜೋಡಿಯನ್ನು ಇಲ್ಲಿ ತಿಳಿಸಿ.

ಪ್ರಶ್ನೆ (ಗಂಗಾವತಿ): ಡಿಮೆಸೇಜ್‌ನಲ್ಲಿ ‘ನ್ಯೂ ಫುಲ್-ಸ್ಪೀಡ್ ಯುಎಸ್‌ಬಿ ಡಿವೈಸ್’ ಎಂಬ ಸಾಲು ಬರುತ್ತದೆ, ದೋಷ ಯಾವುದೂ ಇಲ್ಲ. ಜೋಡಿ ಸಂಖ್ಯೆ 1ಎ86:7523. ಆದರೆ ಡೆವ್ ಕಡತಕೋಶದಲ್ಲಿ ಟಿಟಿವೈಯುಎಸ್‌ಬಿ0 ಎಂಬ ಪೋರ್ಟು ಹುಟ್ಟುವುದೇ ಇಲ್ಲ. ಲ್ಯಾಪ್‌ಟಾಪಿನಲ್ಲಿದ್ದ ಡ್ರೈವರ್ ಕಡತವನ್ನು ಪೆನ್‌ಡ್ರೈವಿನಲ್ಲಿ ಒಯ್ದು ಬೋರ್ಡಿಗೆ ಹಾಕಿದೆ. ‘ಇನ್‌ವ್ಯಾಲಿಡ್ ಮಾಡ್ಯೂಲ್ ಫಾರ್ಮ್ಯಾಟ್’ ಎಂದು ತಿರಸ್ಕರಿಸಿತು.

ಉತ್ತರ: ಅಂದರೆ ಮೊದಲ ಹಂತ ದಾಟಿದ್ದೀರಿ, ಎರಡನೆಯದರಲ್ಲಿ ಸಿಕ್ಕಿಕೊಂಡಿದ್ದೀರಿ. ಆ ಸಂಖ್ಯೆ ಸಿಎಚ್340 ಎಂಬ ಅಗ್ಗದ, ಎಲ್ಲೆಡೆ ಸಿಗುವ ಚಿಪ್ಪಿನದು. ಕರ್ನಲ್‌ನಲ್ಲಿ ಅದರ ಡ್ರೈವರಿನ ಹೆಸರು ಮಾತ್ರ ಸಿಎಚ್341. ಈ ಒಂದು ಅಂಕಿಯ ವ್ಯತ್ಯಾಸ ಗೊತ್ತಿಲ್ಲದೆ ಕರ್ನಲ್ ಕಾನ್ಫಿಗ್‌ನಲ್ಲಿ (ಕರ್ನಲ್‌ಗೆ ಏನೇನು ಸೇರಿಸಬೇಕೆಂಬ ಪಟ್ಟಿಯಲ್ಲಿ) 340 ಎಂದು ಹುಡುಕಿ, ಸಿಗಲಿಲ್ಲವೆಂದು ಬೋರ್ಡನ್ನೇ ಹಿಂದಿರುಗಿಸಿದವರನ್ನು ನಾನು ಕಂಡಿದ್ದೇನೆ.

ಲ್ಯಾಪ್‌ಟಾಪಿನ ಮಾಡ್ಯೂಲ್ ಅಲ್ಲಿ ನಡೆಯದಿರುವುದು ಸಹಜ. ಲ್ಯಾಪ್‌ಟಾಪಿನ ಪ್ರೊಸೆಸರ್ ಇಂಟೆಲ್ ಮಾದರಿಯದು, ಇಂತಹ ಬೋರ್ಡುಗಳದ್ದು ಸಾಮಾನ್ಯವಾಗಿ ಆರ್ಮ್. ಪ್ರೊಸೆಸರ್ ಒಂದೇ ಆಗಿದ್ದರೂ ಮಾಡ್ಯೂಲನ್ನು ಯಾವ ಕರ್ನಲ್‌ಗಾಗಿ ಕಟ್ಟಿದ್ದಾರೋ ಅದೇ ಆವೃತ್ತಿ, ಅದೇ ಸಂರಚನೆ ಬೋರ್ಡಿನಲ್ಲಿಯೂ ಓಡುತ್ತಿರಬೇಕು. ‘ಯುನೇಮ್ ಹೈಫನ್ ಆರ್’ ಕೊಟ್ಟರೆ ಬೋರ್ಡಿನ ಆವೃತ್ತಿ ತಿಳಿಯುತ್ತದೆ. ಮಾರಿದವರಿಂದ ಅದೇ ಆವೃತ್ತಿಯ ಕರ್ನಲ್ ಮೂಲಸಂಕೇತವನ್ನೂ ಕಾನ್ಫಿಗ್ ಕಡತವನ್ನೂ ಕೇಳಿ ಪಡೆಯಿರಿ. ಲಿನಕ್ಸ್ ಕರ್ನಲ್ ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಪರವಾನಗಿಯ 2ನೇ ಆವೃತ್ತಿಯಲ್ಲಿದೆ. ಕಟ್ಟಿದ ಕರ್ನಲ್ ಸಮೇತ ಬೋರ್ಡು ಮಾರಿದವರು ಅದರ ಮೂಲಸಂಕೇತ ಒದಗಿಸಲು ಬದ್ಧರು, ಆದ್ದರಿಂದ ಕೇಳಲು ಸಂಕೋಚ ಬೇಡ. ಕಾನ್ಫಿಗ್‌ನಲ್ಲಿ ಯುಎಸ್‌ಬಿ ಸೀರಿಯಲ್ ಬೆಂಬಲವನ್ನು ಮೊದಲು ತೆರೆಯದೆ ಅದರೊಳಗಿರುವ ಸಿಎಚ್341 ಕಾಣಿಸುವುದಿಲ್ಲ. ಎರಡನ್ನೂ ಮಾಡ್ಯೂಲ್ ಆಗಿಸುವ ಬದಲು ಕರ್ನಲ್‌ನೊಳಗೇ ಸೇರಿಸಿಬಿಡಿ ಎಂಬುದು ನನ್ನ ಸಲಹೆ. ಒಂದೇ ಕೆಲಸಕ್ಕೆ ಮೀಸಲಾದ ಪೆಟ್ಟಿಗೆಯಲ್ಲಿ ಮಾಡ್ಯೂಲ್ ಲೋಡ್ ಆಯಿತೋ ಇಲ್ಲವೋ ಎಂಬ ಇನ್ನೊಂದು ಚಿಂತೆ ಏಕೆ?

ಪೋರ್ಟು ಕಾಣಿಸಿದ ಮೇಲೆ, ಇಂಡಿಕೇಟರ್ ಜೋಡಿಸುವ ಮುನ್ನ, ಕನ್ವರ್ಟರಿನ ಒಂಬತ್ತು ಪಿನ್ನಿನ ಮೂತಿಯಲ್ಲಿ 2 ಮತ್ತು 3ನೆಯ ಪಿನ್ನುಗಳನ್ನು ಒಂದು ಪೇಪರ್ ಕ್ಲಿಪ್ಪಿನಿಂದ ಕೂಡಿಸಿ, ಟರ್ಮಿನಲ್ ತಂತ್ರಾಂಶದಲ್ಲಿ ಏನಾದರೂ ಟೈಪ್ ಮಾಡಿ. ಟೈಪ್ ಮಾಡಿದ್ದು ಹಾಗೆಯೇ ಮರಳಿ ಬಂದರೆ ಬೋರ್ಡಿನ ಕಡೆಯದೆಲ್ಲ ಸರಿಯಿದೆ ಎಂದರ್ಥ. ಅನಂತರವೂ ತೂಕದ ಬದಲು ಚಿತ್ರವಿಚಿತ್ರ ಅಕ್ಷರಗಳು ಬಂದರೆ ಇಂಡಿಕೇಟರ್‌ನ ಬಾಡ್ ದರವನ್ನೂ (ಕಳಿಸುವ ವೇಗ) ಪ್ಯಾರಿಟಿಯನ್ನೂ (ದೋಷ ಪತ್ತೆಯ ಬಿಟ್) ಹೊಂದಿಸಿಕೊಂಡರಾಯಿತು.

ಪ್ರಶ್ನೆ (ಗಂಗಾವತಿ): ತುಂಬಾ ಉಪಕಾರವಾಯಿತು, ಸರ್. ಹೊಸ ಕರ್ನಲ್ ಹಾಕಿದ ಮೇಲೆ ಮೂರು ದಿನ ತೂಕ ಸರಿಯಾಗಿ ಬಂತು. ನಿನ್ನೆ ಮಧ್ಯಾಹ್ನ ಭತ್ತದ ಟ್ರ್ಯಾಕ್ಟರುಗಳು ಗೇಟಿನಾಚೆಗೂ ಸಾಲುಗಟ್ಟಿದ್ದಾಗ ತೂಕ ಇದ್ದಕ್ಕಿದ್ದಂತೆ ನಿಂತಿತು. ನೋಡಿದರೆ ಟಿಟಿವೈಯುಎಸ್‌ಬಿ0 ಮಾಯವಾಗಿ ಟಿಟಿವೈಯುಎಸ್‌ಬಿ1 ಬಂದಿದೆ. ಯಾರೂ ಕನ್ವರ್ಟರ್ ಮುಟ್ಟಿಲ್ಲ. ಡಿಮೆಸೇಜ್‌ನಲ್ಲಿ ‘ಡಿಸೇಬಲ್ಡ್ ಬೈ ಹಬ್ (ಇಎಂಐ?)’ ಎಂಬ ಸಾಲಿದೆ.

ಉತ್ತರ: ಆ ಇಎಂಐ ಬ್ಯಾಂಕಿನ ಕಂತಲ್ಲ, ವಿದ್ಯುತ್ಕಾಂತೀಯ ಗದ್ದಲ. ಕರ್ನಲ್ ಬರೆದವರೇ ಅದರ ಮುಂದೆ ಪ್ರಶ್ನಾರ್ಥಕ ಚಿಹ್ನೆ ಇಟ್ಟಿದ್ದಾರೆ, ಏಕೆಂದರೆ ಅದು ಅವರ ಊಹೆ. ಗಿರಣಿಯಲ್ಲಿ ಮಾತ್ರ ಆ ಊಹೆ ನಿಜವಾಗುವ ಸಂಭವ ಹೆಚ್ಚು. ದೊಡ್ಡ ಮೋಟಾರು ಚಾಲೂ ಆದ ಗಳಿಗೆಯಲ್ಲಿ ಪೋರ್ಟು ಕ್ಷಣಕಾಲ ಕಡಿದು ಮತ್ತೆ ಕೂಡಿಕೊಂಡಿರಬೇಕು. ನಿಮ್ಮ ತಂತ್ರಾಂಶ ಹಳೆಯ ಪೋರ್ಟನ್ನು ಮುಚ್ಚದೆ ಹಿಡಿದುಕೊಂಡೇ ಇದ್ದುದರಿಂದ ಸೊನ್ನೆಯ ಸಂಖ್ಯೆ ಖಾಲಿಯಾಗಲಿಲ್ಲ, ಕರ್ನಲ್ ಮುಂದಿನ ಸಂಖ್ಯೆ ಕೊಟ್ಟಿತು.

ಮೊದಲು ತಂತಿಯ ವಿಚಾರ. ಕೋಣೆಯೊಳಗೆ ದೂರ ಕ್ರಮಿಸಬೇಕಾದುದು ಯುಎಸ್‌ಬಿ ತಂತಿಯಲ್ಲ, ಆರ್‌ಎಸ್-232 ತಂತಿ. ಯುಎಸ್‌ಬಿ 2.0 ಕೇಬಲ್ಲಿಗೆ 5 ಮೀಟರ್ ಮಿತಿಯಿದೆ, ಸಾಮಾನ್ಯ ವೇಗದ ಆರ್‌ಎಸ್-232 ಸುಮಾರು 15 ಮೀಟರ್ ತಾಳುತ್ತದೆ. ಕನ್ವರ್ಟರನ್ನು ಬೋರ್ಡಿನ ಪಕ್ಕದಲ್ಲೇ ಇರಿಸಿ, ಜಾಲರಿ ಹೊದಿಕೆಯಿರುವ ಸೀರಿಯಲ್ ತಂತಿಯನ್ನು ಮೋಟಾರಿನ ಕೇಬಲ್ಲುಗಳಿಂದ ದೂರ ಎಳೆಯಿರಿ.

ಹೆಸರಿನ ವಿಚಾರಕ್ಕೆ ಬಂದರೆ, ಬೋರ್ಡಿನಲ್ಲಿ ಯುಡೆವ್ (ಸಾಧನಗಳಿಗೆ ಹೆಸರು ಕೊಡುವ ವ್ಯವಸ್ಥೆ) ಇದ್ದರೆ ಒಂದು ನಿಯಮ ಬರೆದು ‘ಕಾಟಾ’ ಎಂಬ ಸ್ಥಿರ ಹೆಸರು ಕೊಡಬಹುದು. ಆಗ ಸಂಖ್ಯೆ ಸೊನ್ನೆಯಾದರೂ ಒಂದಾದರೂ ತಂತ್ರಾಂಶಕ್ಕೆ ಸಿಗುವುದು ಅದೇ ಹೆಸರು. ನಿಯಮದಲ್ಲಿ ಕನ್ವರ್ಟರಿನ ಕ್ರಮಸಂಖ್ಯೆಯನ್ನು (ಸೀರಿಯಲ್ ನಂಬರ್) ನಂಬಬೇಡಿ. ಸಿಎಚ್340ರ ಬಹುತೇಕ ಕನ್ವರ್ಟರ್‌ಗಳಿಗೆ ಸ್ವಂತ ಕ್ರಮಸಂಖ್ಯೆಯೇ ಇರುವುದಿಲ್ಲ, ನಾಳೆ ಎರಡನೆಯ ಕಾಟಾ ಬಂದರೆ ಎರಡೂ ಅವಳಿಗಳಂತೆ ಕಾಣುತ್ತವೆ. ಯಾವ ಭೌತಿಕ ಪೋರ್ಟಿಗೆ ಚುಚ್ಚಿದೆ ಎಂಬುದರ ಮೇಲೆ ನಿಯಮ ಬರೆದು, ಆ ಪೋರ್ಟಿನ ಮೇಲೆ ಒಂದು ಚೀಟಿ ಅಂಟಿಸಿ. ಇಷ್ಟಾದರೂ, ಓದು ನಿಂತಾಗ ಪೋರ್ಟನ್ನು ಮುಚ್ಚಿ ಮತ್ತೆ ತೆರೆಯುವಂತೆ ತಂತ್ರಾಂಶವನ್ನು ತಿದ್ದಿಸುವುದು ಅನಿವಾರ್ಯ. ಅದಿಲ್ಲದೆ ಟ್ರ್ಯಾಕ್ಟರುಗಳ ಸಾಲು ಮತ್ತೆ ಬೆಳೆಯುತ್ತದೆ.

ಪ್ರಶ್ನೆ (ಬಳ್ಳಾರಿ): ಸರ್, ಇದೇ ಎಳೆಯಲ್ಲಿ ನನ್ನದೂ ಒಂದು ಪ್ರಶ್ನೆ. ನಮ್ಮ ಜೀನ್ಸ್ ಘಟಕದಲ್ಲಿ ಬಂಡಲ್ಲುಗಳ ಲೆಕ್ಕಕ್ಕೆ ಬಾರ್‌ಕೋಡ್ ಸ್ಕ್ಯಾನರನ್ನು ಇಂತಹುದೇ ಬೋರ್ಡಿಗೆ ಜೋಡಿಸಿದ್ದೇನೆ. ಬೋರ್ಡಿನಲ್ಲಿರುವುದು ಮೈಕ್ರೋ ಯುಎಸ್‌ಬಿ ಮಾತ್ರ, ಆದ್ದರಿಂದ ಪೇಟೆಯಲ್ಲಿ ಸಿಕ್ಕ ಒಂದು ಅಡಾಪ್ಟರ್ ಬಳಸಿದ್ದೇನೆ. ಸ್ಕ್ಯಾನರಿನ ದೀಪವೂ ಹತ್ತುವುದಿಲ್ಲ, ಡಿಮೆಸೇಜ್‌ನಲ್ಲಿ ಒಂದು ಸಾಲೂ ಬರುವುದಿಲ್ಲ.

ಉತ್ತರ: ಮೇಡಂ, ಒಂದು ಸಾಲೂ ಬಾರದಿದ್ದರೆ ಡ್ರೈವರಿನ ಮಾತೇ ಬರುವುದಿಲ್ಲ. ಅದು ಬಹುಶಃ ಒಟಿಜಿ ಪೋರ್ಟು, ಅಂದರೆ ಯಜಮಾನನಾಗಿಯೂ (ಹೋಸ್ಟ್) ಅತಿಥಿಯಾಗಿಯೂ (ಡಿವೈಸ್) ನಡೆಯಬಲ್ಲದ್ದು. ತಾನು ಯಜಮಾನನೋ ಅತಿಥಿಯೋ ಎಂಬುದನ್ನು ಅಂತಹ ಪೋರ್ಟು ಐಡಿ ಎಂಬ ಪಿನ್ನನ್ನು ನೋಡಿ ತೀರ್ಮಾನಿಸುತ್ತದೆ, ಒಟಿಜಿ ಕೇಬಲ್ಲಿನಲ್ಲಿ ಆ ಪಿನ್ನು ಗ್ರೌಂಡಿಗೆ ಕೂಡಿರಬೇಕು. ಪಿನ್ನು ಕೂಡಿರದ ಅಡಾಪ್ಟರಿನಲ್ಲಿ ಬೋರ್ಡು ತನ್ನನ್ನು ಅತಿಥಿ ಎಂದೇ ತಿಳಿದು, ಸ್ಕ್ಯಾನರಿಗೆ ವಿದ್ಯುತ್ತನ್ನೇ ಕೊಡದೆ ಸುಮ್ಮನಿರುತ್ತದೆ. ಒಟಿಜಿ ಎಂದು ಸ್ಪಷ್ಟವಾಗಿ ಬರೆದಿರುವ ಕೇಬಲ್ ಹಾಕಿ ನೋಡಿ. ಅದಕ್ಕೂ ಜಗ್ಗದಿದ್ದರೆ ಬೋರ್ಡಿನ ಯಂತ್ರಾಂಶವನ್ನು ಕರ್ನಲ್‌ಗೆ ವಿವರಿಸುವ ಡಿವೈಸ್ ಟ್ರೀ ಕಡತದಲ್ಲಿ ಆ ಪೋರ್ಟಿನ ‘ಡಿಆರ್ ಮೋಡ್’ ಎಂಬಲ್ಲಿ ‘ಹೋಸ್ಟ್’ ಎಂದು ಬರೆಸಬೇಕು. ದೀಪ ಹತ್ತಿದ ಮೇಲೆ ತೊಡಕು ಕಡಿಮೆ: ಬಹುತೇಕ ಸ್ಕ್ಯಾನರ್‌ಗಳು ತಮ್ಮನ್ನು ಕೀಬೋರ್ಡ್ ಎಂದೇ ಪರಿಚಯಿಸಿಕೊಳ್ಳುತ್ತವೆ, ಕರ್ನಲ್‌ನಲ್ಲಿ ಯುಎಸ್‌ಬಿ ಎಚ್‌ಐಡಿ (ಕೀಬೋರ್ಡ್, ಮೌಸ್‌ಗಳ) ಬೆಂಬಲವಿದ್ದರೆ ಸಾಕು. ಕೇಬಲ್ ಬದಲಿಸಿದ ಮೇಲೆ ಡಿಮೆಸೇಜ್‌ನ ಸಾಲುಗಳನ್ನು ಇಲ್ಲಿಯೇ ಹಾಕಿ, ನೋಡೋಣ.