ಘಾಟಿಯಲ್ಲಿ ಪುಲ್ಲಿಂಗ್ ಬಿಡುವ ಹಳೇ ಡೀಸೆಲ್ ವ್ಯಾನ್: 12 ವೋಲ್ಟ್ ಪಂಪ್ ಹಾಕಬಹುದಾ?

ಪ್ರಶ್ನೆ: ಓಎಂ 616 ಎಂಜಿನ್ (ಮರ್ಸಿಡಿಸ್ ವಿನ್ಯಾಸದ ಡೀಸೆಲ್ ಎಂಜಿನ್), ಇನ್‌ಲೈನ್ ಇಂಜೆಕ್ಷನ್ ಪಂಪ್ (ಸಿಲಿಂಡರ್‌ಗಳಿಗೆ ಭಾರೀ ಒತ್ತಡದಲ್ಲಿ ಡೀಸೆಲ್ ಕಳಿಸುವ ಪಂಪ್). ಸಮ ರಸ್ತೆಯಲ್ಲಿ ಚೆನ್ನಾಗಿದೆ. ಲೋಡ್ ಹಾಕಿ ಘಾಟಿ ಹತ್ತುವಾಗ ಪುಲ್ಲಿಂಗ್ ಬಿಡುತ್ತೆ, ಒಮ್ಮೊಮ್ಮೆ ಆಫ್ ಆಗುತ್ತೆ. ಹ್ಯಾಂಡ್ ಪ್ರೈಮರ್ (ಕೈಯಿಂದ ಡೀಸೆಲ್ ತಳ್ಳುವ ಚಿಕ್ಕ ಪಂಪ್) ಒತ್ತಿದರೆ ಸ್ಟಾರ್ಟ್ ಆಗುತ್ತೆ. ಫಿಲ್ಟರ್ ಹೊಸದು. ಎಲೆಕ್ಟ್ರಿಕ್ ಪಂಪ್, ಇನ್ನೊಂದು ಫಿಲ್ಟರ್ ಹಾಕಿದರೆ ಸರಿಹೋಗುತ್ತಾ?

ಉತ್ತರ 1: ಪಂಪ್ ತರೋಕೆ ಮೊದಲು ಏರ್ ಎಲ್ಲಿ ಎಳೀತಿದೆ ನೋಡಿ ಸರ್. ಟ್ಯಾಂಕ್‌ನಿಂದ ಫೀಡ್ ಪಂಪ್‌ವರೆಗೆ (ಡೀಸೆಲ್ ಎಳೆದು ಇಂಜೆಕ್ಷನ್ ಪಂಪಿಗೆ ಕೊಡುವ ಪಂಪ್) ಇರೋದು ಎಳೆತ, ಒತ್ತಡ ಅಲ್ಲ. ಅಲ್ಲಿ ಹೋಸ್ ಸೀಳಿದ್ದರೆ ಎಂಜಿನ್ ಓಡುವಾಗ ಡೀಸೆಲ್ ತೊಟ್ಟಿಕ್ಕೋದಿಲ್ಲ, ಗಾಳಿ ಒಳಗೆ ಹೋಗುತ್ತೆ. ಹೊರಗೆ ಒಣಗಿದ್ದ ಮಾತ್ರಕ್ಕೆ ಲೈನ್ ಸರಿಯಿದೆ ಅಂತಲ್ಲ. ಫೀಡ್ ಪಂಪ್ ಇನ್‌ಲೆಟ್‌ಗೆ ಒಂದಡಿ ಪಾರದರ್ಶಕ ಪೈಪ್ ಸಿಕ್ಕಿಸಿ ರೇಸ್ ಕೊಡಿ. ಗುಳ್ಳೆ ಬಂದರೆ ಇನ್‌ಲೆಟ್ ಮತ್ತು ರಿಟರ್ನ್ (ಉಳಿದ ಡೀಸೆಲ್ ಟ್ಯಾಂಕಿಗೆ ಮರಳುವ ಪೈಪ್) ಎರಡನ್ನೂ ಡೀಸೆಲ್ ತುಂಬಿದ 5 ಲೀಟರ್ ಕ್ಯಾನ್‌ಗೆ ಬಿಟ್ಟು ಮತ್ತೆ ನೋಡಿ. ಗುಳ್ಳೆ ಇಲ್ಲದೆಯೂ ಎಂಜಿನ್ ಸೋತರೆ ಟ್ಯಾಂಕಿನ ಜಾಲರಿ, ಫೀಡ್ ಪಂಪಿನ ವಾಲ್ವ್, ಇಂಜೆಕ್ಷನ್ ಪಂಪಿನ ಓವರ್‌ಫ್ಲೋ ವಾಲ್ವ್ (ಒತ್ತಡ ಹಿಡಿದಿಟ್ಟು ಹೆಚ್ಚಿನ ಡೀಸೆಲ್ ವಾಪಸ್ ಬಿಡುವ ವಾಲ್ವ್) ನೋಡಬೇಕು. ಓವರ್‌ಫ್ಲೋ ಸ್ಪ್ರಿಂಗ್ ಸೋತಿದ್ದರೆ ಎಂಥ ಪಂಪ್ ಹಾಕಿದರೂ ಒತ್ತಡ ನಿಲ್ಲೋದಿಲ್ಲ.

ಪ್ರಶ್ನೆ ಕೇಳಿದವರು: ಗುಳ್ಳೆ ಸಾಲಾಗಿ ಬರ್ತಿದೆ. ಕ್ಯಾನ್‌ಗೆ ಹಾಕಿದಾಗ ಒಂದೂ ಇಲ್ಲ.

ಉತ್ತರ 2: ಹಾಗಾದರೆ ಲೀಕ್ ಟ್ಯಾಂಕ್ ಕಡೆ ಲೈನ್‌ನಲ್ಲೇ ಇದೆ. ಮೊದಲು ಅದನ್ನು ಸರಿಮಾಡಿ. ಹಾಗೇ ಬಿಟ್ಟು ಟ್ಯಾಂಕ್ ಪಕ್ಕ ಪಂಪ್ ಕೂರಿಸಿದರೆ ಅದೇ ಸೀಳು ಈಗ ಡೀಸೆಲ್ ಹೊರಗೆ ಚೆಲ್ಲುತ್ತೆ. ಸೈಲೆನ್ಸರ್ ಪೈಪ್ ಮೇಲೆ ಬಿದ್ದರೆ ಬೆಂಕಿ. ಹೋಸ್ ಎಲ್ಲ ಬದಲಾಯಿಸಿ, ಡೀಸೆಲ್‌ಗೆ ತಡೆಯುವ ರಬ್ಬರ್‌ದೇ ಇರಲಿ. ಬ್ಯಾಂಜೋ ಬೋಲ್ಟ್‌ನ (ಒಳಗೆ ತೂತಿದ್ದು ಡೀಸೆಲ್ ಹಾಯುವ ಬೋಲ್ಟ್) ಕಾಪರ್ ವಾಷರ್ ಹೊಸದೇ ಹಾಕಿ. 2020ರ ಏಪ್ರಿಲ್‌ನಿಂದ ಬರ್ತಿರೋ ಬಿಎಸ್ 6 ಡೀಸೆಲ್‌ನಲ್ಲಿ ಗಂಧಕ ಹೆಚ್ಚೆಂದರೆ 10 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 10 ಭಾಗ) ಮಾತ್ರ. ಇಂಥ ಡೀಸೆಲ್‌ಗೆ ಬದಲಾದಾಗ ಹಳೇ ನೈಟ್ರೈಲ್ ರಬ್ಬರ್ ಸೀಲ್‌ಗಳು ಕುಗ್ಗಿ ಜಿನುಗುವುದುಂಟು. ಪ್ರೈಮರ್ ಸೀಲ್ ಕೂಡ ನೋಡಿ.

ಆಮೇಲೂ ಪಂಪ್ ಬೇಕೆನಿಸಿದರೆ 0.3ರಿಂದ 0.5 ಬಾರ್‌ನ ಡೀಸೆಲ್ ಪಂಪ್ ಸಾಕು. ಪೆಟ್ರೋಲ್ ಇಂಜೆಕ್ಷನ್ ಕಾರಿನ 3 ಬಾರ್ ಪಂಪ್ ಬೇಡವೇ ಬೇಡ. ಕ್ರಮ ಹೀಗಿರಲಿ: ಟ್ಯಾಂಕ್, 30 ಮೈಕ್ರಾನ್ ವಾಟರ್ ಸೆಪರೇಟರ್ (ನೀರು ಬೇರ್ಪಡಿಸುವ ಫಿಲ್ಟರ್), ಎಲೆಕ್ಟ್ರಿಕ್ ಪಂಪ್, ಹಳೇ ಫೀಡ್ ಪಂಪ್, ಕೊನೆಗೆ ಕಂಪನಿ ಫಿಲ್ಟರ್. ಇನ್ನೂ ಸಣ್ಣ ಮೈಕ್ರಾನ್ ಫಿಲ್ಟರನ್ನು (ತೂತು ಇದಕ್ಕಿಂತ ಸೂಕ್ಷ್ಮ) ಸಕ್ಷನ್ ಅಂದರೆ ಎಳೆತದ ಕಡೆ ಹಾಕಿದರೆ ಎಳೆತ ಹೆಚ್ಚಿ ಮತ್ತೆ ಏರ್ ಸಮಸ್ಯೆ. ಪಂಪ್ ಟ್ಯಾಂಕಿಗೆ ಹತ್ತಿರ, ಆದಷ್ಟು ತಗ್ಗಿನಲ್ಲಿರಲಿ. ಫ್ಯೂಸ್, ರಿಲೇ ಹಾಕಿ, ಆಯಿಲ್ ಪ್ರೆಶರ್ ಸ್ವಿಚ್ ಮೂಲಕ ಕರೆಂಟ್ ಕೊಡಿ; ಅಪಘಾತದಲ್ಲಿ ಎಂಜಿನ್ ನಿಂತರೆ ಪಂಪೂ ನಿಲ್ಲಬೇಕು.

ಏರ್ ತೆಗೆಯುವಾಗ ಮೊದಲು ಫಿಲ್ಟರ್ ತಲೆಯ ಸ್ಕ್ರೂ, ಆಮೇಲೆ ಇಂಜೆಕ್ಷನ್ ಪಂಪಿನದು. ನೊರೆ ನಿಂತು ಶುದ್ಧ ಡೀಸೆಲ್ ಬಂದ ಮೇಲೆ ಬಿಗಿ ಮಾಡಿ.

ಉತ್ತರ 1: ಇದಕ್ಕೊಂದು ಸೇರಿಸ್ತೀನಿ. ಪಂಪ್ ಹಾಕಿದ ಮೇಲೆ ಡಿಪ್‌ಸ್ಟಿಕ್ ಆಗಾಗ ನೋಡಿ. ಆಯಿಲ್ ಮಟ್ಟ ಏರಿ ಡೀಸೆಲ್ ವಾಸನೆ ಬಂದರೆ ಫೀಡ್ ಪಂಪಿನ ಪ್ಲಂಜರ್ ರಾಡ್ ಸವೆದು ಡೀಸೆಲ್ ಎಂಜಿನ್ ಆಯಿಲ್‌ಗೆ ಇಳೀತಿದೆ ಅಂತ. ಆಗ ಗಾಡಿ ಓಡಿಸಬೇಡಿ. ಫೀಡ್ ಪಂಪ್ ಬದಲಾಯಿಸಿ, ಎಂಜಿನ್ ಆಯಿಲ್ ಪೂರ್ತಿ ಇಳಿಸಿ ಹೊಸದು ಹಾಕಿ.