ಎಂ.ಕಾಂ. ನಂತರ ಅಕೌಂಟಿಂಗ್ ಪ್ರಾಧ್ಯಾಪಕಿಯಾಗುವ ದಾರಿ ಯಾವುದು?

ಬದಿಯಡ್ಕದ ವಿದ್ಯಾರ್ಥಿನಿ:
ಹಿರಿಯರಿಗೆ ನಮಸ್ಕಾರ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಈ ವರ್ಷ ಎಂ.ಕಾಂ. ಮುಗಿಸಿದ್ದೇನೆ. ವಿಶ್ವವಿದ್ಯಾಲಯದಲ್ಲಿ ಅಕೌಂಟಿಂಗ್ ಕಲಿಸುತ್ತ ಪ್ರಾಧ್ಯಾಪಕ ಹುದ್ದೆಯವರೆಗೆ ಹೋಗಬೇಕೆಂಬ ಆಸೆಯಿದೆ. ಮಂಗಳೂರಿನ ಗೆಳತಿಯರು ಕರ್ನಾಟಕದ ಅರ್ಹತಾ ಪರೀಕ್ಷೆಯಾದ ಕೆ-ಸೆಟ್ ಬರೆಯುತ್ತಿದ್ದಾರೆ. ಊರಿನವರು ಕೇರಳದ ಸೆಟ್ ಬರೆ ಎನ್ನುತ್ತಾರೆ. ಯಾವುದನ್ನು ಬರೆಯಲಿ? ಪಿಎಚ್.ಡಿ.ಗೆ ಮೊದಲೇ ಸೇರಬೇಕೇ?

ನಿವೃತ್ತ ವಾಣಿಜ್ಯ ಅಧ್ಯಾಪಕ, ಕಾಸರಗೋಡು:
ಕೇರಳದ ಸೆಟ್ ಹೈಯರ್ ಸೆಕೆಂಡರಿ ಅಧ್ಯಾಪಕರಿಗಾಗಿ ಇರುವುದು, ಅದರಿಂದ ಕಾಲೇಜಿನ ಹುದ್ದೆ ಸಿಗುವುದಿಲ್ಲ. ಕೆ-ಸೆಟ್ ಕಾಲೇಜು ಹುದ್ದೆಗೇ ಆದರೂ ಆ ಅರ್ಹತೆ ಕರ್ನಾಟಕದೊಳಗೆ ಮಾತ್ರ ನಡೆಯುತ್ತದೆ. ಕೇರಳ-ಕರ್ನಾಟಕ ಗಡಿಯ ಎರಡೂ ಬದಿಯಲ್ಲಿ ಅರ್ಜಿ ಹಾಕಬೇಕಾದ ನಮ್ಮ ಮಕ್ಕಳಿಗೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆಯಾದ ನೆಟ್ ಒಂದೇ ಸರಿಯಾದ ದಾರಿ. ಯುಜಿಸಿ ನಿಯಮದ 2023ರ ತಿದ್ದುಪಡಿಯ ನಂತರ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಪಿಎಚ್.ಡಿ. ಕಡ್ಡಾಯವಲ್ಲ. ಆದರೆ ಅಲ್ಲಿಗೇ ನಿಲ್ಲಬೇಡಿ. 2018ರ ಯುಜಿಸಿ ನಿಯಮದಂತೆ, ಪಿಎಚ್.ಡಿ. ಪಡೆದೇ ಸೇರಿದವರಿಗೆ ಮೊದಲ ಬಡ್ತಿಯ ಅರ್ಹತೆ 4 ವರ್ಷಕ್ಕೆ ಬರುತ್ತದೆ, ಇಲ್ಲದವರಿಗೆ 6 ವರ್ಷ ಬೇಕು. ಸಹ ಪ್ರಾಧ್ಯಾಪಕ ಮತ್ತು ಪ್ರಾಧ್ಯಾಪಕ ಹುದ್ದೆಗಳಿಗಂತೂ ಪಿಎಚ್.ಡಿ. ಇಲ್ಲದೆ ದಾರಿಯೇ ಇಲ್ಲ. ನೇರ ನೇಮಕಾತಿಯಲ್ಲಿ ಪ್ರಾಧ್ಯಾಪಕರಾಗಲು 10 ವರ್ಷದ ಅನುಭವದೊಂದಿಗೆ ಮಾನ್ಯ ಪತ್ರಿಕೆಗಳಲ್ಲಿ ಕನಿಷ್ಠ 10 ಪ್ರಬಂಧಗಳೂ ಬೇಕು. ಆದ್ದರಿಂದ ಪಾಠ ಮಾಡುವ ಮೊದಲ ವರ್ಷದಿಂದಲೇ ಬರೆಯುವ ಅಭ್ಯಾಸವಿರಲಿ.

ಸಂಶೋಧನಾರ್ಥಿ, ಪೆರ್ಲ:
ಸರ್ ಹೇಳಿದ್ದು ಸರಿ. ಪಿಎಚ್.ಡಿ. ವಿಷಯದ ಆಯ್ಕೆಯ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ನೂರಾರು ಮಂದಿ ಬರೆದ ಬ್ಯಾಂಕ್ ಲಾಭದಾಯಕತೆಯನ್ನೇ ಮತ್ತೆ ಹಿಡಿಯುವ ಬದಲು ನಮ್ಮ ತೋಟವನ್ನು ನೋಡಿ. ಭಾರತದ ಲೆಕ್ಕಪತ್ರ ಮಾನದಂಡಗಳಾದ ಇಂಡ್ ಎಎಸ್ ಪ್ರಕಾರ ಅಡಿಕೆ ಮರ ವರ್ಷ ವರ್ಷ ಫಲ ಕೊಡುವ ಆಸ್ತಿಯಾದ್ದರಿಂದ 16ನೇ ಮಾನದಂಡಕ್ಕೆ ಸೇರಿ ಯಂತ್ರೋಪಕರಣದ ಹಾಗೆ ಸವಕಳಿಗೆ ಒಳಪಡುತ್ತದೆ. ಅದೇ ಮರದಲ್ಲಿ ತೂಗುವ ಗೊನೆಯನ್ನು ಮಾತ್ರ 41ನೇ ಮಾನದಂಡದಂತೆ, ಮಾರಾಟದ ಖರ್ಚು ಕಳೆದ ನ್ಯಾಯಯುತ ಮೌಲ್ಯದಲ್ಲಿ ತೋರಿಸಬೇಕು. ಮಾರುಕಟ್ಟೆಯಲ್ಲಿ ದರ ಇರುವುದು ಕೊಯ್ದು, ಒಣಗಿಸಿ, ಸುಲಿದ ಚಾಲಿಗೆ. ಹಾಗಿರುವಾಗ ಲೆಕ್ಕದ ವರ್ಷ ಮುಗಿಯುವ ಮಾರ್ಚ್ 31ರಂದು ಮರದಲ್ಲಿರುವ ಹಸಿ ಗೊನೆಗೆ ಬೆಲೆ ಕಟ್ಟುವುದು ಹೇಗೆ? ಸಣ್ಣ ಕೃಷಿಕರಿಗೆ ಈ ಮಾನದಂಡ ಅನ್ವಯಿಸದಿದ್ದರೂ ಪ್ರಶ್ನೆ ಗಟ್ಟಿಯಾಗಿದೆ, ಅದಕ್ಕೆ ಬೇಕಾದ ಮಾಹಿತಿಯನ್ನು ಕೃಷಿಕರ ಭಾಷೆಯಲ್ಲೇ ಕೇಳಿ ಪಡೆಯಬಲ್ಲವರು ನೀವು.

ಬದಿಯಡ್ಕದ ವಿದ್ಯಾರ್ಥಿನಿ:
ಇಬ್ಬರಿಗೂ ಕೃತಜ್ಞತೆಗಳು. ನೆಟ್‌ನ ವಾಣಿಜ್ಯ ಪತ್ರಿಕೆ ಕನ್ನಡದಲ್ಲಿ ಬರುತ್ತದೆಯೇ?

ನಿವೃತ್ತ ವಾಣಿಜ್ಯ ಅಧ್ಯಾಪಕ, ಕಾಸರಗೋಡು:
ಇಲ್ಲಮ್ಮ, ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಎರಡು ಪತ್ರಿಕೆ ಸೇರಿ 3 ಗಂಟೆಯಲ್ಲಿ 150 ಪ್ರಶ್ನೆಗಳು, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಬೋಧನೆ ಮತ್ತು ಸಂಶೋಧನೆಯ ಸಾಮರ್ಥ್ಯವನ್ನು ಅಳೆಯುವ, ಎಲ್ಲ ವಿಷಯದವರಿಗೂ ಒಂದೇ ಆದ ಮೊದಲ ಪತ್ರಿಕೆಯನ್ನು ವಾಣಿಜ್ಯದ ಮಕ್ಕಳು ಕಡೆಗಣಿಸುತ್ತಾರೆ. 300ರಲ್ಲಿ 100 ಅಂಕ ಅದರದ್ದೇ ಆಗಿರುವುದರಿಂದ ಅಲ್ಲಿಂದಲೇ ಓದು ಆರಂಭಿಸಿ.