ಕೂಲಂಟ್ ತಾಪಮಾನದ ಸೆನ್ಸರ್ ಬದಲಿಸುವ ಮುನ್ನ ಏನನ್ನು ಪರೀಕ್ಷಿಸಬೇಕು?

ಪ್ರಶ್ನೆ (ಮಡಿಕೇರಿ):
ನನ್ನ ಪೆಟ್ರೋಲ್ ಕಾರಿನಲ್ಲಿ ಬೆಳಗಿನ ಚಳಿಯಲ್ಲಿಯೂ ಇಂಜಿನ್ ಚಾಲೂ ಆದೊಡನೆ ರೇಡಿಯೇಟರ್ ಫ್ಯಾನ್ ತಿರುಗತೊಡಗುತ್ತದೆ ಮತ್ತು ನಿಲ್ಲುವುದೇ ಇಲ್ಲ. ಹೊಗೆ ಕಪ್ಪಾಗಿದೆ, ಮೈಲೇಜ್ ಇಳಿದಿದೆ. ದೋಷ ಓದುವ ಸ್ಕ್ಯಾನರ್ ಪಿ0118 ಎಂಬ ಕೋಡ್ ತೋರಿಸುತ್ತಿದೆ. ಗ್ಯಾರೇಜಿನವರು ಕೂಲಂಟಿನ (ಇಂಜಿನ್ ತಣಿಸುವ ದ್ರವದ) ತಾಪ ಅಳೆಯುವ ಸೆನ್ಸರ್ ಬದಲಿಸಬೇಕೆನ್ನುತ್ತಾರೆ. ಸಂಪಾಜೆ ಘಾಟಿಯಲ್ಲಿ ಮಂಗಳೂರಿಗೆ ಹೋಗಿಬರಬೇಕಾಗಿದೆ. ಈ ಕೆಲಸವನ್ನು ಮನೆಯಲ್ಲೇ ಮಾಡಬಹುದೇ?

ಉತ್ತರ (ಕುಶಾಲನಗರ):
ಮಾಡಬಹುದು, ಆದರೆ ಸೆನ್ಸರ್ ಕೊಳ್ಳುವ ಮೊದಲು ಅದರ ವೈರನ್ನು ನೋಡಿ. ಬಿಸಿ ಏರಿದಂತೆ ಈ ಸೆನ್ಸರಿನ ವಿದ್ಯುತ್ ರೋಧ ಇಳಿಯುತ್ತದೆ. ಬಹಳಷ್ಟು ಕಾರುಗಳಲ್ಲಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 2,000ದಿಂದ 3,000 ಓಮ್ ಇರುವುದು 80 ಡಿಗ್ರಿಯಲ್ಲಿ 300ರ ಆಸುಪಾಸಿಗೆ ಬರುತ್ತದೆ. ಪಿ0118 ಎಂದರೆ ಸಂಪರ್ಕವೇ ಕಡಿದಂತೆ ವೋಲ್ಟೇಜ್ ಮಿತಿಮೀರಿ ಕಾಣುತ್ತಿದೆ ಎಂದರ್ಥ. ಆಗ ಇಂಜಿನ್ನಿನ ಕಂಪ್ಯೂಟರಿಗೆ ನಿಜವಾದ ತಾಪ ತಿಳಿಯದೆ ಪೆಟ್ರೋಲ್ ಹೆಚ್ಚಾಗಿ ಹೋಗಬಹುದು, ಸುರಕ್ಷತೆಗಾಗಿ ಫ್ಯಾನ್ ಸದಾ ಓಡುತ್ತದೆ. ಸೆನ್ಸರ್ ಸತ್ತರೂ, ವೈರ್ ತುಂಡಾದರೂ ಲಕ್ಷಣ ಒಂದೇ. ನಮ್ಮ ಜಿಲ್ಲೆಯ ದೀರ್ಘ ಮಳೆಗಾಲದಲ್ಲಿ ಕನೆಕ್ಟರಿನ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿಯುವುದನ್ನೂ, ತೋಟದ ಶೆಡ್ಡಿನಲ್ಲಿ ನಿಂತ ಕಾರಿನ ವೈರನ್ನು ಇಲಿ ಕಡಿಯುವುದನ್ನೂ ನಾನು ಸಾಕಷ್ಟು ನೋಡಿದ್ದೇನೆ.

ಎರಡು ವೈರಿನ ಸೆನ್ಸರ್ ಆಗಿದ್ದರೆ ಕನೆಕ್ಟರ್ ಕಳಚಿ, ವೈರಿನ ಕಡೆಯ ಎರಡು ಪಿನ್ನುಗಳನ್ನು ತಂತಿಯ ತುಂಡಿನಿಂದ ಜೋಡಿಸಿ, ಕೀಲಿ ತಿರುಗಿಸಿ ಸ್ಕ್ಯಾನರ್ ನೋಡಿ. ತಾಪಮಾನ ಒಮ್ಮೆಲೇ ತೀರಾ ಮೇಲಕ್ಕೆ ಹಾರಿದರೆ ವೈರ್ ಸರಿಯಿದೆ, ದೋಷ ಸೆನ್ಸರಿನದು.

ಪ್ರಶ್ನೆ ಕೇಳಿದವರು:
ತಾವು ಹೇಳಿದಂತೆ ಮಾಡಿದೆ, ತಾಪಮಾನ ಮೇಲಕ್ಕೆ ಹಾರಿತು. ಧನ್ಯವಾದಗಳು. ಇನ್ನು ಬದಲಿಸುವ ಕ್ರಮ ತಿಳಿಸುವಿರಾ?

ಉತ್ತರ (ಗೋಣಿಕೊಪ್ಪ):
ಇಂಜಿನ್ ಪೂರ್ತಿ ತಣ್ಣಗಾಗುವವರೆಗೆ ರೇಡಿಯೇಟರ್ ಮುಚ್ಚಳ ಮುಟ್ಟಲೇಬೇಡಿ. ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ನೀರು 96 ಡಿಗ್ರಿಯ ಹತ್ತಿರವೇ ಕುದಿಯುತ್ತದೆ. ಒಳಗಿನ ಒತ್ತಡ ಅದನ್ನು ತಡೆದಿರುವುದರಿಂದ, ಬಿಸಿಯಲ್ಲಿ ಮುಚ್ಚಳ ತೆರೆದರೆ ಕೂಲಂಟ್ ಮುಖಕ್ಕೆ ಚಿಮ್ಮುತ್ತದೆ.

ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಕೂಲಂಟನ್ನು ಸ್ವಲ್ಪ ಇಳಿಸಿಕೊಳ್ಳಿ. ಅದನ್ನು ನೆಲಕ್ಕೆ ಚೆಲ್ಲಬೇಡಿ: ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುವುದರಿಂದ ನಾಯಿಗಳು ನೆಕ್ಕುತ್ತವೆ, ಅದು ಅವಕ್ಕೆ ಮಾರಕ ವಿಷ. ಸೆನ್ಸರ್ ಸಾಮಾನ್ಯವಾಗಿ ಥರ್ಮೋಸ್ಟಾಟಿನ (ತಾಪಕ್ಕೆ ತಕ್ಕಂತೆ ಕೂಲಂಟಿನ ಹರಿವನ್ನು ನಿಯಂತ್ರಿಸುವ ಕವಾಟದ) ಬಳಿ ಇರುತ್ತದೆ. ಹೊಸದಕ್ಕೆ ಸೋರದಂತೆ ಹೊಸ ಓ-ರಿಂಗ್ (ರಬ್ಬರ್ ಬಳೆ) ಅಥವಾ ವಾಷರ್ ಹಾಕಿ. ಅಲ್ಯೂಮಿನಿಯಂನ ಮರೆ (ಸ್ಕ್ರೂ ಥ್ರೆಡ್) ಬೇಗ ಕೆಡುವುದರಿಂದ ಮೊದಲು ಕೈಯಿಂದ ತಿರುಗಿಸಿ, ಬಳಿಕ ಸ್ಪ್ಯಾನರಿನಿಂದ ಹಿತವಾಗಿ ಬಿಗಿಮಾಡಿ. ತೆಗೆದದ್ದು ಯಾವ ಬಗೆಯ ಕೂಲಂಟೋ ಅದನ್ನೇ ತುಂಬಿ; ತೋಡಿನ ನೀರು ಬೇಡ.

ಅತ್ಯಂತ ಮುಖ್ಯವಾದದ್ದು ಒಳಗೆ ಸಿಕ್ಕಿಕೊಂಡ ಗಾಳಿಯನ್ನು ಹೊರಹಾಕುವುದು. ಸೆನ್ಸರಿನ ತುದಿ ಗಾಳಿಯಲ್ಲಿದ್ದರೆ ಹೊಸ ಸೆನ್ಸರೂ ತಪ್ಪು ತಾಪವನ್ನೇ ಹೇಳುತ್ತದೆ. ತಣ್ಣಗಿನ ಇಂಜಿನ್ ಚಾಲೂ ಮಾಡಿ, ಹೀಟರ್ ಪೂರ್ತಿ ಹಾಕಿ, ಗುಳ್ಳೆಗಳು ನಿಲ್ಲುವವರೆಗೆ ಕೂಲಂಟ್ ಸೇರಿಸುತ್ತಿರಿ. ಕೋಡ್ ಅಳಿಸಿ, ಊರೊಳಗೆ ಓಡಿಸಿ, ಫ್ಯಾನ್ ಬಿಸಿಗೆ ಶುರುವಾಗಿ ಮತ್ತೆ ನಿಲ್ಲುವುದನ್ನು ಖಚಿತಪಡಿಸಿಕೊಳ್ಳಿ. ಸಂಪಾಜೆ ಇಳಿಯುವಾಗ ಇಂಜಿನ್ನಿಗೆ ಹೆಚ್ಚು ಭಾರವಿಲ್ಲ; ಮರಳಿ ಹತ್ತುವಾಗ ತಾಪಮಾನದ ಮುಳ್ಳಿನ ಮೇಲೆ ಕಣ್ಣಿಡಿ.